ಜ್ವರ ಅಂತ ಬಂದವರ ಹತ್ರ ನಾನೀಗ ಮೊದಲು ಕೇಳೋದು ತಾರೀಖು

ನಾನು ಜನರಲ್ ಮೆಡಿಸಿನ್ ಡಾಕ್ಟರು. ವಿದೇಶ ಸುತ್ತಿ ಬಂದು ಜ್ವರ ಹಿಡಿಸ್ಕೊಂಡವರು ಯಾರೇ ಬರ್ಲಿ, ಒಂದು ಹಾಳೆ ತಗೊಂಡು ಉದ್ದಕ್ಕೆ ಗೆರೆ ಎಳೀತೀನಿ, ಒಂದು ಕಡೆ ಹೊರಟ ದಿನ, ಮಧ್ಯೆ ವಾಪಸ್ ಬಂದ ದಿನ, ಆಮೇಲೆ ಜ್ವರ ಶುರುವಾದ ದಿನ, ಯಾವ ಊರಲ್ಲಿ ಎಷ್ಟು ರಾತ್ರಿ ಮಲಗಿದ್ರು, ಕೆರೆ ಹೊಳೆ ನೀರಿಗೆ ಇಳಿದಿದ್ರಾ, ಪ್ರಾಣಿ ಏನಾದ್ರೂ ಕಚ್ಚಿತ್ತಾ, ಎಲ್ಲಾ ಅದರ ಮೇಲೇ ಬರ್ಕೋತೀನಿ.

ಈ ಅಭ್ಯಾಸ ಬಂದಿದ್ದು ಒಂದು ಕೇಸಿಂದ. ಕೆಲಸದ ಮೇಲೆ ಉಗಾಂಡಾಗೆ ಹೋಗಿದ್ದ ಹುಡುಗ, ವಾಪಸ್ ಬಂದ 11ನೇ ದಿನಕ್ಕೆ ಜ್ವರ, ತಲೆನೋವು, ಮೈಕೈ ನೋವು, ಜೊತೆಗೆ ಭೇದಿ. ಭೇದಿ ಇದೆಯಲ್ಲ, ಹೊಟ್ಟೆ ಇನ್ಫೆಕ್ಷನ್ನೇ ಇರ್ಬೇಕು ಅಂತ ನನ್ನ ಮನಸ್ಸು ಆಗ್ಲೇ ತೀರ್ಮಾನ ಮಾಡಿಬಿಟ್ಟಿತ್ತು. ಮಲೇರಿಯಾ ಸ್ಮಿಯರ್, ಅಂದ್ರೆ ಒಂದು ಹನಿ ರಕ್ತ ಗಾಜಿನ ಮೇಲೆ ಸವರಿ ಮೈಕ್ರೋಸ್ಕೋಪಲ್ಲಿ ನೋಡೋ ಟೆಸ್ಟು, ಮಾಡಿಸ್ದೆ, ನೆಗೆಟಿವ್ ಬಂತು, ಮನೆಗೆ ಕಳಿಸ್ದೆ. ಎರಡನೇ ದಿನ ರಾತ್ರಿ ಅವನ ಅಕ್ಕನ ಫೋನು, "ಡಾಕ್ಟ್ರೇ, ಇವನು ಏನೇನೋ ಮಾತಾಡ್ತಿದಾನೆ, ಕಣ್ಣೆಲ್ಲ ಹಳದಿಯಾಗಿದೆ" ಅಂತ. ಫಾಲ್ಸಿಪಾರಂ ಮಲೇರಿಯಾ, ಮಲೇರಿಯಾಗಳಲ್ಲೇ ಜೀವಕ್ಕೆ ಅಪಾಯ ತರೋ ಜಾತಿ. ಐಸಿಯುಗೆ ಹಾಕಿ ಮಲೇರಿಯಾ ಕೊಲ್ಲೋ ಆರ್ಟಿಸುನೇಟ್ ಇಂಜೆಕ್ಷನ್ ಶುರು ಮಾಡಿದ್ವಿ, ಮೊದಲ ಡೋಸು, ಆಮೇಲೆ 12 ಗಂಟೆಗೆ, 24 ಗಂಟೆಗೆ, ಎಚ್ಚರ ಬಂದು ನುಂಗೋ ಹಾಗಾದ್ಮೇಲೆ ಮಾತ್ರೆ. ಬದುಕಿದ. ಆದ್ರೆ ಆ ಎರಡು ದಿನ ಕಳೆದುಹೋಗಿದ್ದು ನನ್ನಿಂದ, ಅದು ಇವತ್ತಿಗೂ ಮನಸ್ಸಲ್ಲಿ ಕೂತಿದೆ.

ಮೊದಲ ಸ್ಮಿಯರ್ ಯಾಕೆ ನೆಗೆಟಿವ್ ಬರ್ಬಹುದು ಅಂದ್ರೆ, ಶುರುವಲ್ಲಿ ರಕ್ತದಲ್ಲಿ ಮಲೇರಿಯಾ ಪರಾವಲಂಬಿ ಕಮ್ಮಿ ಇರ್ಬಹುದು, ಫಾಲ್ಸಿಪಾರಂ ಆದ್ರೆ ಬಲಿತ ಮೇಲೆ ಸಣ್ಣ ರಕ್ತನಾಳಗಳ ಗೋಡೆಗೆ ಅಂಟ್ಕೊಂಡು ಬಿಡುತ್ತೆ, ಬೆರಳು ಚುಚ್ಚಿ ತೆಗೆದ ಹನೀಲಿ ಕಾಣ್ದೇ ಹೋಗ್ಬಹುದು. ಅದಕ್ಕೇ ಈಗ ರ‍್ಯಾಪಿಡ್ ಟೆಸ್ಟ್ ಜೊತೆಗೆ 12ರಿಂದ 24 ಗಂಟೆಗೊಂದು ಸ್ಮಿಯರ್, ಒಟ್ಟು ಮೂರು ಸಲ ನೋಡೋ ತನಕ ಮಲೇರಿಯಾ ಇಲ್ಲ ಅಂತ ನಾನು ಬಾಯಿ ಬಿಡಲ್ಲ.

ಗೆರೆ ಹೇಗೆ ಉಪಯೋಗಕ್ಕೆ ಬರುತ್ತೆ ಅಂದ್ರೆ, ಮಲೇರಿಯಾ ಇರೋ ಜಾಗಕ್ಕೆ ಕಾಲಿಟ್ಟು ಇನ್ನೂ 7 ದಿನ ಆಗಿಲ್ಲ ಅಂದ್ರೆ ಅಲ್ಲಿಂದ ಬಂದ ಫಾಲ್ಸಿಪಾರಂ ಆಗೋದು ತೀರಾ ಕಷ್ಟ. ವಾಪಸ್ ಬಂದು 14 ದಿನ ದಾಟಿ ಜ್ವರ ಶುರುವಾಗಿದ್ರೆ ಅಲ್ಲಿಂದ ತಂದ ಡೆಂಗ್ಯೂ ಅಲ್ಲ. ಟೈಫಾಯ್ಡ್ ಮೈಗೆ ಹೊಕ್ಕ ಮೇಲೆ ಜ್ವರ ಕಾಣಿಸ್ಕೊಳ್ಳೋಕೆ ಸಾಮಾನ್ಯವಾಗಿ ಒಂದರಿಂದ ಮೂರು ವಾರ ತಗೊಳುತ್ತೆ, ಅದಕ್ಕೆ ಆಂಟಿಬಯೋಟಿಕ್ ಕೊಡೋ ಮೊದಲೇ ಬ್ಲಡ್ ಕಲ್ಚರ್ ತೆಗೀತೀನಿ, ವಿಡಾಲ್ ಅನ್ನೋ ಟೈಫಾಯ್ಡ್ ರಕ್ತಪರೀಕ್ಷೆ ಒಂದನ್ನೇ ನಂಬಲ್ಲ. ವೈವಾಕ್ಸ್ ಮಲೇರಿಯಾ ಬೇರೆಯದೇ ಜಾತಿ, ಲಿವರಲ್ಲಿ ಮಲಗಿದ್ದು ತಿಂಗಳುಗಟ್ಟಲೆ ಆದ್ಮೇಲೂ ಎದ್ದು ಬರುತ್ತೆ, ಅದನ್ನ ಬೇರು ಸಮೇತ ಕೀಳೋಕೆ ಪ್ರೈಮಾಕ್ವಿನ್ ಮಾತ್ರೆ ಬೇಕು, ಆದ್ರೆ ರಕ್ತಕಣ ಕಾಪಾಡೋ ಜಿ6ಪಿಡಿ ಅನ್ನೋ ಕಿಣ್ವ ಸರಿಯಾಗಿದೆಯಾ ಅಂತ ಟೆಸ್ಟ್ ಮಾಡಿಸ್ದೇ ಕೊಟ್ರೆ, ಅದು ಕಮ್ಮಿ ಇರೋರಿಗೆ ರಕ್ತಕಣಗಳೇ ಒಡೆದುಹೋಗ್ತವೆ.

ಡೆಂಗ್ಯೂ ಬಗ್ಗೆ ಒಂದು ಮಾತು ಹೇಳ್ಲೇಬೇಕು. ಜ್ವರ ಇಳೀತು ಅಂತ ಮನೆಯವರು ಉಸ್ಸಪ್ಪಾ ಅನ್ನೋ ಹೊತ್ತಿಗೇ ನಿಜವಾದ ಅಪಾಯ ಶುರುವಾಗೋದು, ಹೊಟ್ಟೆ ನೋವು, ನಿಲ್ಲದ ವಾಂತಿ, ಒಸಡಲ್ಲಿ ರಕ್ತ, ತಳಮಳ ಇವು ಕಂಡ್ರೆ ರಾತ್ರಿಯಾದ್ರೂ ಸರಿ ಆಸ್ಪತ್ರೆಗೆ ಬನ್ನಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ, ಐಬುಪ್ರೊಫೆನ್, ಆಸ್ಪಿರಿನ್ ಮುಟ್ಬೇಡಿ.

ಬರೀ ಭೇದಿಗಾದ್ರೆ ಹೆಚ್ಚಿನವರಿಗೆ ಓಆರ್‌ಎಸ್ ಸಾಕು. ಜ್ವರನೂ ಇದೆ, ರಕ್ತ ಬೀಳ್ತಿದೆ ಅಂದ್ರೆ ಅಜಿಥ್ರೊಮೈಸಿನ್ ಕೊಡ್ತೀನಿ, ಭೇದಿ ನಿಲ್ಸೋಕೆ ಅಂತ ಲೋಪೆರಮೈಡ್ ಮಾತ್ರ ಆಗ ಕೊಡಲ್ಲ.

ಹೋಗೋ ಮುಂಚೆ ನಾಲ್ಕರಿಂದ ಆರು ವಾರ ಇರುವಾಗ್ಲೇ ಬಂದ್ರೆ ನನಗೆ ಎಷ್ಟೋ ಕೆಲಸ ಹಗುರ, ಯಾಕಂದ್ರೆ ಯೆಲ್ಲೋ ಫೀವರ್ ಲಸಿಕೆ ಕನಿಷ್ಠ 10 ದಿನ ಮೊದಲೇ ಆಗಿರ್ಬೇಕು, 2016ರಿಂದ ಅದರ ಸರ್ಟಿಫಿಕೇಟು ಜೀವನಪೂರ್ತಿಗೆ ನಡೆಯುತ್ತೆ. ನಾಯಿ ಕಚ್ಚಿದ್ರೆ ಸೋಪು ನೀರಲ್ಲಿ 15 ನಿಮಿಷ ತೊಳೆದು ಅಲ್ಲೇ, ಅದೇ ದಿನ ರೇಬೀಸ್ ಇಂಜೆಕ್ಷನ್ ಶುರು ಮಾಡಿ, ಊರಿಗೆ ಬಂದು ಹಾಕಿಸ್ಕೊಳ್ಳೋಣ ಅಂತ ಕಾಯ್ಬೇಡಿ ಅಂತ ಹೇಳಿ ಹೇಳಿ ಕಳಿಸ್ತೀನಿ. ಹುಟ್ಟೂರಿಗೆ, ನೆಂಟರ ಮನೆಗೆ ಹೋಗೋರೇ ಮಲೇರಿಯಾ ಬರದ ಹಾಗೆ ತಗೊಳ್ಳೋ ಮಾತ್ರೆ ಬೇಡ ಅನ್ನೋದು ಜಾಸ್ತಿ, ನಾವು ಅಲ್ಲೇ ಬೆಳೆದೋರು ಅಂತಾರೆ, ಆದ್ರೆ ದೂರ ಇದ್ದಷ್ಟು ವರ್ಷ ಮಲೇರಿಯಾ ವಿರುದ್ಧದ ಶಕ್ತಿ ಕರಗ್ತಾ ಬಂದಿರುತ್ತೆ.

ಆ ಹುಡುಗ ಮತ್ತೆ ಆಫ್ರಿಕಾಗೆ ಹೊರಟಾಗ ತಾನಾಗೇ ಬಂದ. ಮಲೇರಿಯಾ ತಡೆಯೋಕೆ ಡಾಕ್ಸಿಸೈಕ್ಲಿನ್ ಮಾತ್ರೆ ಬರೆದುಕೊಟ್ಟೆ, "ವಾಪಸ್ ಬಂದ ದಿನ ನಿಲ್ಸಬಹುದಾ ಡಾಕ್ಟ್ರೇ?" ಅಂದ. ಲಿವರಲ್ಲಿ ಸೇರ್ಕೊಂಡಿದ್ದು ರಕ್ತಕ್ಕೆ ಇಳಿಯೋ ತನಕ ಆ ಮಾತ್ರೆ ಕಾಯ್ತಾ ಇರ್ಬೇಕಪ್ಪ ಅಂದು, ಹಾಳೆ ತಗೊಂಡು ಅದೇ ಗೆರೆ ಎಳೆದೆ, ವಾಪಸ್ ಬರೋ ತಾರೀಖು ದಾಟಿಸಿ ಇನ್ನೂ ನಾಲ್ಕು ವಾರ ಮುಂದಕ್ಕೆ. ಮಡಚಿ ಪಾಸ್‌ಪೋರ್ಟ್ ಒಳಗೆ ಇಟ್ಕೊಂಡು ಹೋದ.