ಹ್ಯಾಲೋವೀನ್ ಕುಂಬಳಕಾಯಿ: ಕ್ಯಾಲಿಫೋರ್ನಿಯಾದ ಬೇ ಏರಿಯಾಗೆ ಹೊಸದಾಗಿ ಬಂದವರಿಗೆ

ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ ಅಂಗಡಿಗಳ ಮುಂದೆ ದೊಡ್ಡ ರಟ್ಟಿನ ಡಬ್ಬಗಳಲ್ಲಿ ಕಿತ್ತಳೆ ಬಣ್ಣದ ಕುಂಬಳಕಾಯಿಗಳು ಬಂದು ಕೂರುತ್ತವೆ. ಹ್ಯಾಲೋವೀನ್ ಹಬ್ಬಕ್ಕೆ ಇವುಗಳ ಒಳಗನ್ನು ಕೆರೆದು, ಮುಖ ಕೆತ್ತಿ, ದೀಪ ಇಟ್ಟು ಬಾಗಿಲ ಮುಂದೆ ಇಡುತ್ತಾರೆ. ಆಗಲೇ ತಂದಿಟ್ಟುಕೊಳ್ಳಬಹುದು, ಕೆತ್ತಲು ಮಾತ್ರ ಅವಸರ ಬೇಡ. ಇಡೀ ಕಾಯಿ ನೆರಳಲ್ಲಿ ವಾರಗಟ್ಟಲೆ ಕೆಡದೆ ಇರುತ್ತದೆ; ಕೆತ್ತಿದ್ದು ಮೂರರಿಂದ ಐದು ದಿನ, ಅಷ್ಟೇ. ಫ್ರೀಮಾಂಟ್, ಸ್ಯಾನ್ ಹೋಸೆ ಕಡೆ ಅಕ್ಟೋಬರಿನಲ್ಲೂ ಮಧ್ಯಾಹ್ನದ ಬಿಸಿಲು ಚುರುಗುಟ್ಟುತ್ತದೆ. ಹಬ್ಬ 31ಕ್ಕೆ, ಹಾಗಾಗಿ 29 ಅಥವಾ 30ರ ಸಂಜೆ ಚಾಕು ಹಿಡಿದರೆ ಸಾಕು.

ಆರಿಸುವಾಗ ಮೊದಲು ತೊಟ್ಟು ನೋಡಿ. ಹಸಿರಾಗಿ ಗಟ್ಟಿಯಾಗಿದ್ದರೆ ಕಾಯಿ ತಾಜಾ. ತೊಟ್ಟು ಹಿಡಿದು ಎತ್ತಬೇಡಿ. ಮುರಿದರೆ ಆ ಗಾಯದಿಂದಲೇ ಕೊಳೆ ಶುರು. ಬುಡವನ್ನು ಹೆಬ್ಬೆರಳಿನಿಂದ ಒತ್ತಿ, ಮೆತ್ತಗಿದ್ದರೆ ಬಿಟ್ಟುಬಿಡಿ. ಬೆರಳಿನಿಂದ ಬಡಿದರೆ ಟೊಳ್ಳು ಸದ್ದು ಬರಬೇಕು. ನೆಲದ ಮೇಲೆ ಅಲುಗಾಡದೆ ಕೂರುವ ಕಾಯಿಯೇ ಬೇಕು. ಮಕ್ಕಳನ್ನು ಕರೆದುಕೊಂಡು ತೋಟಕ್ಕೇ ಹೋಗುವುದಾದರೆ ಕಡಲತೀರದ ಊರು ಹಾಫ್ ಮೂನ್ ಬೇ ಇದೆ. ಆದರೆ ಅಕ್ಟೋಬರ್ ನಡುವಿನ ಕುಂಬಳಕಾಯಿ ಉತ್ಸವದ ವಾರಾಂತ್ಯದಲ್ಲಿ ಹೈವೇ 92ರಲ್ಲಿ ಗಾಡಿಗಳು ಇಂಚಿಂಚೇ ಸರಿಯುತ್ತವೆ, ವಾರದ ದಿನ ಹೋಗುವುದು ಜಾಣತನ. ಅಲ್ಲಿನ ದೈತ್ಯ ಕಾಯಿಗಳ ತೂಕದ ಸ್ಪರ್ಧೆಯಲ್ಲಿ 2023ರಲ್ಲಿ ಗೆದ್ದದ್ದು 2,749 ಪೌಂಡ್ ತೂಗಿತ್ತು!

ಒಂದು ಮಾತು: ಕೆತ್ತುವ ಕಾಯಿ ಹುಳಿಗೆ ಆಗಿಬರುವುದಿಲ್ಲ. ನಾರು ಜಾಸ್ತಿ, ನೀರು ನೀರು, ರುಚಿ ಸಪ್ಪೆ. ಅಡುಗೆಗೆ ‘ಶುಗರ್ ಪೈ’ ಎಂಬ ಚಿಕ್ಕ ಕಾಯಿ ಅಥವಾ ಹಸಿರು ಸಿಪ್ಪೆಯ ಕಬೋಚಾ ತನ್ನಿ. ಊರಿನ ಸಿಹಿಗುಂಬಳಕ್ಕೆ ಹತ್ತಿರವಿರುವುದು ಇವೇ. ಆಯುಧ ಪೂಜೆಗೆ ತಂದು ಉಳಿದ ಬೂದುಗುಂಬಳ ಕೆತ್ತಲು ಬರುವುದಿಲ್ಲ, ಒಳಗೆ ಟೊಳ್ಳೇ ಇರುವುದಿಲ್ಲ.

ಎಲ್ಲರೂ ತೊಟ್ಟಿನ ಸುತ್ತ ಮುಚ್ಚಳ ಕೊಯ್ಯುತ್ತಾರೆ. ಹಾಗೆ ಮಾಡುವುದಾದರೆ ಚಾಕುವನ್ನು ಒಳಮುಖವಾಗಿ ಓರೆ ಹಿಡಿಯಿರಿ; ನೇರ ಕೊಯ್ದರೆ ಮುಚ್ಚಳ ಒಳಗೆ ಬೀಳುತ್ತದೆ. ಇನ್ನೂ ಒಳ್ಳೆಯದು ಬುಡದಲ್ಲಿ ತೂತು ಮಾಡುವುದು: ಕಾಯಿ ಬೇಗ ಕುಸಿಯುವುದಿಲ್ಲ, ದೀಪ ಇಟ್ಟು ಮೇಲಿಂದ ಕಾಯಿ ಕವುಚಿದರಾಯಿತು. ಬೀಜ, ನಾರು ಎಲ್ಲ ಲೋಹದ ದೊಡ್ಡ ಚಮಚದಿಂದ ಕೆರೆದು ತೆಗೆಯಿರಿ. ಮುಖ ಬರುವ ಕಡೆಯ ಗೋಡೆಯನ್ನು ಒಂದು ಇಂಚಿಗೆ ಇಳಿಸಿ. ಅದಕ್ಕಿಂತ ದಪ್ಪವಾದರೆ ಚಾಕು ತಿರುಗದು, ತೆಳುವಾದರೆ ಮರುದಿನವೇ ಬಾಯಿ ಸೊಟ್ಟಗಾಗುತ್ತದೆ. ಚಿತ್ರದ ಕಾಗದ ಅಂಟಿಸಿ ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಆಮೇಲೆ ಕಾಗದ ತೆಗೆಯಿರಿ. ಕಣ್ಣು, ಮೂಗು ಮೊದಲು, ಬಾಯಿ ಕೊನೆಗೆ. ದೊಡ್ಡ ತೂತು ಮೊದಲು ಮಾಡಿದರೆ ಉಳಿದ ಗೋಡೆ ಒತ್ತಡ ತಡೆಯದು. ಅಡುಗೆಮನೆಯ ಚಾಕುವಿಗಿಂತ ಅಂಗಡಿಯಲ್ಲಿ ಸಿಗುವ ಸಣ್ಣ ಗರಗಸದ ಹಲ್ಲಿನ ಚಾಕು ಕ್ಷೇಮ, ಜಾರಿದರೂ ಗಾಯ ಸಣ್ಣದು.

ಕೆತ್ತಿದ ಕಾಯಿಗೆ ಶತ್ರು ಎರಡು: ಒಣಗುವುದು, ಬೂಷ್ಟು. ಒಂದು ಗ್ಯಾಲನ್ ನೀರಿಗೆ ಒಂದು ಟೇಬಲ್ ಚಮಚ ಬ್ಲೀಚ್ ಬೆರೆಸಿ ಒಳಗೂ ಅಂಚಿಗೂ ಸಿಂಪಡಿಸಿ, ಒಣಗಿದ ಮೇಲೆ ಕೊಯ್ದ ಅಂಚಿಗೆ ವ್ಯಾಸಲೀನ್ ಸವರಿ. ವ್ಯಾಸಲೀನ್ ಹಚ್ಚಿದ ಮೇಲೆ ಬೆಂಕಿಯ ದೀಪ ಬೇಡವೇ ಬೇಡ, ಬ್ಯಾಟರಿ ದೀಪ ಇಡಿ. ಹಬ್ಬದ ಸಂಜೆ ವೇಷ ಹಾಕಿ ತಿಂಡಿ ಕೇಳಲು ಬಾಗಿಲಿಗೆ ಬರುವ ಮಕ್ಕಳ ಉದ್ದನೆಯ ಬಟ್ಟೆಗೂ ಅದೇ ಸುರಕ್ಷಿತ. ಅಳಿಲು ಕಚ್ಚುತ್ತಿದ್ದರೆ ಹೊರಗೆ ಸ್ವಲ್ಪ ಖಾರದಪುಡಿ ಉದುರಿಸಬಹುದು.

ಚಿಕ್ಕ ಮಕ್ಕಳಿದ್ದರೆ ಚಾಕುವೇ ಬೇಡ. ಕಾಯಿ ತೊಳೆದು ಚೆನ್ನಾಗಿ ಒಣಗಿಸಿ ಅಕ್ರಿಲಿಕ್ ಬಣ್ಣ ಹಚ್ಚಿ, ಬೇಕಿದ್ದರೆ ರಂಗೋಲಿ ಎಳೆಗಳನ್ನೇ ಬರೆಯಿರಿ. ಒದ್ದೆಯ ಮೇಲೆ ಹಚ್ಚಿದರೆ ಬಣ್ಣ ಏಳುತ್ತದೆ. ನವಿಲುಹಸಿರು ಬಣ್ಣದ ಕುಂಬಳಕಾಯಿ ಕಂಡರೆ ಅದು ಬರೀ ಅಲಂಕಾರವಲ್ಲ: ಆಹಾರದ ಅಲರ್ಜಿ ಇರುವ ಮಕ್ಕಳಿಗೆ ಈ ಮನೆಯಲ್ಲಿ ತಿಂಡಿಯಲ್ಲದ ಉಡುಗೊರೆಯೂ ಇದೆ ಎಂಬ ಸೂಚನೆ.

ಬೀಜ ಎಸೆಯಬೇಡಿ. ಉಪ್ಪುನೀರಿನಲ್ಲಿ ಹತ್ತು ನಿಮಿಷ ಕುದಿಸಿ, ಬಟ್ಟೆಯ ಮೇಲೆ ಒಣಗಿಸಿ, ಎಣ್ಣೆ, ಅಚ್ಚಖಾರದ ಪುಡಿ, ಚಿಟಿಕೆ ಇಂಗು ಕಲಸಿ 325 ಡಿಗ್ರಿ ಫ್ಯಾರನ್‌ಹೀಟ್ ಓವನ್ನಿನಲ್ಲಿ 20 ನಿಮಿಷ ಹುರಿಯಿರಿ. ಹಬ್ಬ ಮುಗಿದ ಮೇಲೆ ಕಾಯಿ ಹಸಿಕಸದ ಡಬ್ಬಕ್ಕೆ, ದೀಪ ತೆಗೆದು. ಬಣ್ಣ ಹಚ್ಚಿದ್ದು ಮಾತ್ರ ಮಾಮೂಲಿ ಕಸಕ್ಕೆ.