ಕಿಡ್ನಿ ಬಯಾಪ್ಸಿ: ನಾಳಿಕೆಗಳ ನಡುವಿನ ಫೈಬ್ರೋಸಿಸ್ ಅಳೆಯುವುದು ಹೇಗೆ

ಬಯಾಪ್ಸಿ ತುಣುಕಿನಲ್ಲಿ ಗ್ಲೊಮೆರುಲಸ್‌ಗಳನ್ನು (ರಕ್ತ ಸೋಸುವ ಲೋಮನಾಳದ ಗೊಂಚಲುಗಳನ್ನು) ಶ್ರದ್ಧೆಯಿಂದ ಎಣಿಸಿ, ಉಳಿದದ್ದನ್ನು ಕಣ್ಣಂದಾಜಿನಲ್ಲಿ ಬರೆದು ಮುಗಿಸುವವರೇ ಹೆಚ್ಚು. ಆದರೆ ಕಿಡ್ನಿ ಇನ್ನೆಷ್ಟು ಕಾಲ ಬಾಳೀತು ಎಂಬ ಸುಳಿವು ಅನೇಕ ಸಲ ಸಿಗುವುದು ನಾಳಿಕೆಗಳ (ಮೂತ್ರ ರೂಪುಗೊಳ್ಳುವ ಸಣ್ಣ ಕೊಳವೆಗಳ) ನಡುವಿನ ಸಂದಿನಲ್ಲೇ: ಅಲ್ಲಿ ಕೊಲಾಜೆನ್ ನಾರು ತುಂಬಿ ಗಾಯದ ಕಲೆಯಂತಾಗುವುದೇ ಫೈಬ್ರೋಸಿಸ್.

ಈ ಸಂದಿನಲ್ಲಿ ಫೈಬ್ರೋಬ್ಲಾಸ್ಟ್‌ಗಳೂ ಲೋಮನಾಳಗಳನ್ನು ತಬ್ಬಿಕೊಂಡ ಪೆರಿಸೈಟ್‌ಗಳೂ ಎಂಬ ಕೋಶಗಳು ಇರುತ್ತವೆ. ಕೆಂಪು ರಕ್ತಕಣ ಬೆಳೆಸುವ ಹಾರ್ಮೋನ್ ಎರಿತ್ರೋಪೊಯೆಟಿನ್ ತಯಾರಿಸುವವೂ ಇವುಗಳಲ್ಲೇ ಕೆಲವು. ಪಕ್ಕದ ನಾಳಿಕೆಗೆ ಪೆಟ್ಟು ಬಿದ್ದಾಗ ಟಿಜಿಎಫ್-ಬೀಟಾ ಎಂಬ ಪ್ರೋಟೀನಿನಂಥ ಸಂಕೇತ ಸಿಕ್ಕಿ ಇವು ಕೊಲಾಜೆನ್ ಸುರಿಸುವ ಮಯೊಫೈಬ್ರೋಬ್ಲಾಸ್ಟ್‌ಗಳಾಗುತ್ತವೆ. ಆಮೇಲೆ ಕೊಲಾಜೆನ್ ಹೆಚ್ಚುತ್ತದೆ, ಎರಿತ್ರೋಪೊಯೆಟಿನ್ ಇಳಿಯುತ್ತದೆ. ಕಿಡ್ನಿ ಸೋತವರ ರಕ್ತಹೀನತೆಗೆ ಇದೊಂದು ಕಾರಣ. ಪೆರಿಸೈಟ್ ಕಳಚಿಕೊಂಡ ಲೋಮನಾಳ ನಶಿಸಿದರೆ, ಆಮ್ಲಜನಕ ಸಾಲದೆ ಪಕ್ಕದ ನಾಳಿಕೆಯೂ ಬತ್ತುತ್ತದೆ.

ಬಣ್ಣ ಹಾಕುವುದು

ಬಯಾಪ್ಸಿ ತುಣುಕನ್ನು 2–3 ಮೈಕ್ರಾನ್ ದಪ್ಪಕ್ಕೆ ಕತ್ತರಿಸಿ, ಕೊಲಾಜೆನ್ ನೀಲಿಯಾಗಿ ಕಾಣಿಸುವ ಮ್ಯಾಸನ್ ಟ್ರೈಕ್ರೋಮ್ ಬಣ್ಣ ಹಾಕಿ. ಮೊದಲು ಬೋಯಿನ್ ದ್ರಾವಣ, 56–60 ಡಿಗ್ರಿ ಸೆಲ್ಸಿಯಸ್‌ನಲ್ಲಿ 1 ಗಂಟೆ. ಹಳದಿ ಬಿಡುವವರೆಗೆ ನಲ್ಲಿ ನೀರಲ್ಲಿ ತೊಳೆಯಿರಿ. (ಬಾಟಲಿಯ ಕತ್ತಿನಲ್ಲಿ ದ್ರಾವಣ ಒಣಗಲು ಬಿಡಬೇಡಿ. ಅದರಲ್ಲಿರುವ ಪಿಕ್ರಿಕ್ ಆಮ್ಲ ಒಣಗಿದರೆ ಸ್ಫೋಟಕ.) ವೈಗರ್ಟ್ ಹೆಮಟಾಕ್ಸಿಲಿನ್ 10 ನಿಮಿಷ, ತೊಳೆದು ಬೀಬ್ರಿಚ್ ಸ್ಕಾರ್ಲೆಟ್–ಆಸಿಡ್ ಫುಕ್ಸಿನ್ 10–15 ನಿಮಿಷ, ನಂತರ ಫಾಸ್ಫೋಮಾಲಿಬ್ಡಿಕ್–ಫಾಸ್ಫೋಟಂಗ್‌ಸ್ಟಿಕ್ ಆಮ್ಲ 10–15 ನಿಮಿಷ. ತೊಳೆಯದೆ ನೇರವಾಗಿ ಅನಿಲಿನ್ ಬ್ಲೂಗೆ ಹಾಕಿ, 5–10 ನಿಮಿಷ. ಕೊನೆಗೆ 1% ಅಸಿಟಿಕ್ ಆಮ್ಲ, 2 ನಿಮಿಷ.

ಎಡವಟ್ಟಾಗುವುದು ಹೆಚ್ಚಾಗಿ ಫಾಸ್ಫೋ ಆಮ್ಲದ ಹಂತದಲ್ಲಿ. ಸಮಯ ಕಡಿಮೆಯಾದರೆ ಕೊಲಾಜೆನ್‌ನಲ್ಲಿ ಕೆಂಪು ಉಳಿದು ಫೈಬ್ರೋಸಿಸ್ ಕಡಿಮೆ ಕಾಣುತ್ತದೆ. ಸೆಕ್ಷನ್ (ಕತ್ತರಿಸಿದ ಪದರ) ದಪ್ಪವಾದರೆ ಎಲ್ಲೆಲ್ಲೂ ನೀಲಿ. ಅದೇ ಸ್ಲೈಡಿನ ಅಪಧಮನಿಯನ್ನು ನೋಡಿ: ಸ್ನಾಯುಪದರ ಕೆಂಪು, ಹೊರ ಪದರ ನೀಲಿ ಇದ್ದರೆ ಮುಂದುವರಿಯಿರಿ.

ಅಳತೆ

ಮೊದಲು ಸೂಕ್ಷ್ಮದರ್ಶಕದ 4ಎಕ್ಸ್‌ನಲ್ಲಿ ಮೆಡುಲ್ಲಾ (ಕಿಡ್ನಿಯ ಒಳಭಾಗ), ಹೊರಕವಚದ ಕೆಳಗಿನ ಪಟ್ಟಿ, ದೊಡ್ಡ ರಕ್ತನಾಳಗಳ ಸುತ್ತಲಿನ ಕೊಲಾಜೆನ್ ಇವಿಷ್ಟನ್ನೂ ಗುರುತಿಸಿ, ಲೆಕ್ಕದಿಂದ ಹೊರಗಿಡಿ. ಆಮೇಲೆ 10ಎಕ್ಸ್‌ನಲ್ಲಿ ಕಾರ್ಟೆಕ್ಸ್‌ನ (ಕಿಡ್ನಿಯ ಹೊರಭಾಗದ) ಪ್ರತಿ ಕ್ಷೇತ್ರಕ್ಕೂ ಫೈಬ್ರೋಸಿಸ್‌ನ ಶೇಕಡಾವಾರು ಬರೆದು ಸರಾಸರಿ ತೆಗೆಯಿರಿ. ಬಯಾಪ್ಸಿಗೆ ದರ್ಜೆ ಕೊಡುವ ಬ್ಯಾನ್ಫ್ ವರ್ಗೀಕರಣದಲ್ಲಿ (ಸಿಐ ಎಂದರೆ ಸಂದಿನ ಫೈಬ್ರೋಸಿಸ್‌ನ ಅಂಕ) 5% ವರೆಗೆ ಸಿಐ 0, 6–25% ಸಿಐ 1, 26–50% ಸಿಐ 2, ಅದಕ್ಕೂ ಮೇಲೆ ಸಿಐ 3. ಇದು ಕಸಿ ಮಾಡಿದ ಕಿಡ್ನಿಗೆ.

ಎಂಟು ಕ್ಷೇತ್ರಗಳಲ್ಲಿ 10, 10, 20, 20, 30, 30, 40, 40 ಬಂತೆನ್ನಿ: ಸರಾಸರಿ 25, ಸಿಐ 1. ಕವಚದ ಕೆಳಗಿನ 70ರ ಒಂದು ಕ್ಷೇತ್ರ ನುಸುಳಿದರೆ ಸರಾಸರಿ 30, ಸಿಐ 2. ತಪ್ಪಿದ್ದು ಒಂದೇ ಕ್ಷೇತ್ರ, ದರ್ಜೆಯೇ ಬದಲಾಯಿತು.

ನೀರು ತುಂಬಿ ಉಬ್ಬಿದ ಸಂದನ್ನು ಫೈಬ್ರೋಸಿಸ್ ಎಂದು ಬರೆಯುವುದೂ ಸಾಮಾನ್ಯ. ಅಲ್ಲಿ ನೀಲಿ ತೆಳು, ಎಳೆಗಳು ಬಿಡಿಬಿಡಿ. ಅನುಮಾನವಿದ್ದರೆ ಪಿಎಎಸ್ ಎಂಬ ಬಣ್ಣ ಹಾಕಿದ ಸ್ಲೈಡಿನಲ್ಲಿ ನಾಳಿಕೆಯ ಬುಡಪೊರೆ ನೋಡಿ: ದಪ್ಪವಾಗಿ ಸುಕ್ಕುಗಟ್ಟಿ ನಾಳಿಕೆ ಕುಗ್ಗಿದ್ದರೆ ಅದು ಹಳೆಯ ಗಾಯ.

ಮಯೊಫೈಬ್ರೋಬ್ಲಾಸ್ಟ್‌ಗಳನ್ನೇ ನೋಡಬೇಕಿದ್ದರೆ ಅವುಗಳಲ್ಲಿರುವ ಸ್ನಾಯು ಪ್ರೋಟೀನನ್ನು ಕಂದಾಗಿ ತೋರಿಸುವ ಆಲ್ಫಾ-ಎಸ್‌ಎಂಎ ಹಾಕಿಸಿ. ಅಪಧಮನಿಯ ಗೋಡೆ ಕಂದು ಬಂದಿರಲೇಬೇಕು, ಇಲ್ಲದಿದ್ದರೆ ಮತ್ತೆ ಮಾಡಿಸಿ. ಇದು ಬ್ಯಾನ್ಫ್ ದರ್ಜೆಗೆ ಸೇರುವುದಿಲ್ಲ.

ವರದಿಯಲ್ಲಿ 'ಸಾಧಾರಣ' ಎಂದಷ್ಟೇ ಬರೆಯದೆ ಶೇಕಡಾ ಅಂಕಿಯನ್ನೂ ಗ್ಲೊಮೆರುಲಸ್‌ಗಳ ಸಂಖ್ಯೆಯನ್ನೂ ಕೊಡಿ. ಕಸಿ ಕಿಡ್ನಿಯಲ್ಲಿ 10 ಗ್ಲೊಮೆರುಲಸ್, 2 ಅಪಧಮನಿ ಸಿಗದಿದ್ದರೆ ಮಾದರಿ ಸಾಲದೆಂದು ಮೊದಲ ಸಾಲಲ್ಲೇ ಹೇಳಿ.