‘ಲಿಖ್ವಾ’ ಎಂಬ ಬಡ್ಡಿಯ ಮೂಲ ಹುಡುಕಿದ್ದು

ರಷ್ಯನ್ ಕಲಿತ ಬಳಿಕ ಹಳೆಯ ಸ್ಲಾವೊನಿಕ್ (ರಷ್ಯನ್, ಪೋಲಿಷ್‌ಗಳ ಬಳಗದ ಹಳೆಯ ಬರಹದ ಭಾಷೆ) ಪಠ್ಯಗಳ ಕೆಲವು ಭಾಗಗಳನ್ನು ಕನ್ನಡಕ್ಕೆ ತರಲು ಕುಳಿತಿದ್ದಾಗ, ಬೈಬಲ್ಲಿನ 14ನೆಯ ಕೀರ್ತನೆಯಲ್ಲಿ (ಕನ್ನಡ ಬೈಬಲ್ಲಿನ ಎಣಿಕೆಯಲ್ಲಿ 15) ತನ್ನ ಬೆಳ್ಳಿಯನ್ನು ‘ಲಿಖ್ವಾ’ಕ್ಕೆ ಕೊಡದವನನ್ನು ಹೊಗಳುವ ಸಾಲೊಂದು ಎದುರಾಯಿತು. ಅರ್ಥ ಬಡ್ಡಿ ಎಂಬುದರಲ್ಲಿ ಸಂದೇಹವಿರಲಿಲ್ಲ. ಆದರೆ ಇಂದಿನ ರಷ್ಯನ್ ಮಾತಿನಲ್ಲಿ ‘ಸ್ ಲಿಖ್ವೊಯ್’ ಎಂದರೆ ‘ಬೇಕಾದ್ದಕ್ಕಿಂತ ಧಾರಾಳವಾಗಿ’ ಎಂದಷ್ಟೇ ಅರ್ಥ. ಪೋಲಿಷ್ ಮತ್ತು ಚೆಕ್ ಭಾಷೆಗಳಲ್ಲಿ ಅದೇ ಪದ ನಮ್ಮ ಮೀಟರ್ ಬಡ್ಡಿಯಂಥ ಸುಲಿಗೆಯನ್ನು ಸೂಚಿಸುತ್ತದೆ. ಒಂದೇ ಪದ ಇಷ್ಟು ದೂರ ಚದುರಿರುವುದನ್ನು ಕಂಡು, ಅನುವಾದವನ್ನು ಬದಿಗಿಟ್ಟು ಅದರ ಮೂಲ ಹುಡುಕಲು ಹೊರಟೆ.

ಮೊದಲ ಹೆಜ್ಜೆಯಲ್ಲೇ ಎಡವಿದೆ. ರಷ್ಯನ್‌ನಲ್ಲಿ ‘ಲಿಖೊಯ್’ ಎಂದರೆ ಕೇಡಿನದು; ಬಡ್ಡಿಯೂ ಕೇಡಿನದೇ ಎಂದು ಎರಡನ್ನೂ ಗಂಟು ಹಾಕಿ ಚೀಟಿಯಲ್ಲಿ ಬರೆದುಬಿಟ್ಟಿದ್ದೆ. ಕಿವಿಗೆ ಒಪ್ಪಿದ್ದನ್ನೆಲ್ಲ ನಿಷ್ಪತ್ತಿಯೆಂದು, ಅಂದರೆ ಪದದ ಹುಟ್ಟೆಂದು, ನಂಬುವ ಈ ಚಟ ನನ್ನದು ಮಾತ್ರವಲ್ಲ. ಹಳೆಯ ಸ್ಲಾವೊನಿಕ್‌ನಲ್ಲಿ ‘ಲಿಖ್’ ಎಂಬುದಕ್ಕೆ ‘ಮಿಕ್ಕದ್ದು, ಹೆಚ್ಚಾದದ್ದು’ ಎಂಬ ಅರ್ಥವಿತ್ತೆಂದು ತಿಳಿದಾಗ ಆ ಸಾಲನ್ನು ಹೊಡೆದುಹಾಕಿದೆ.

ಆಮೇಲೆ ಮಾಡಿದ್ದು ಸಾದಾ ಕೆಲಸ. ಒಡೆಯನು ತನ್ನ ಹಣವನ್ನು ‘ಬಡ್ಡಿಯೊಡನೆ’ ಮರಳಿ ಪಡೆಯಬಹುದಿತ್ತು ಎನ್ನುವ ಲೂಕನ ಸುವಾರ್ತೆಯ 19:23ನೆಯ ವಚನವನ್ನು ಮೂರು ಭಾಷೆಗಳಿಂದ ಎತ್ತಿಕೊಂಡು ಒಂದೇ ಹಾಳೆಯ ಮೇಲೆ ಮೂರು ಕಾಲಂಗಳಲ್ಲಿ ಬರೆದೆ. ಗ್ರೀಕ್‌ನಲ್ಲಿ ‘ತೊಕೊಸ್’ ಇದೆ. ಹೆರುವುದು ಎಂಬ ಕ್ರಿಯಾಪದದಿಂದ ಬಂದ ಅದರ ಮೊದಲ ಅರ್ಥ ಹೆರಿಗೆ, ಸಂತಾನ. ನಾಲ್ಕನೆಯ ಶತಮಾನದಲ್ಲಿ ವುಲ್ಫಿಲನ ಹೆಸರಿನಲ್ಲಿ ಸಿದ್ಧವಾದ ಗೋಥಿಕ್ (ಜರ್ಮನ್, ಇಂಗ್ಲಿಷ್‌ಗಳ ಜರ್ಮಾನಿಕ್ ಬಳಗದ ಪ್ರಾಚೀನ ಭಾಷೆ) ಅನುವಾದದಲ್ಲಿ ಅಲ್ಲಿ ‘ವೋಕ್ರ್ಸ್’ ಇದೆ. ಅದು ಬೆಳೆಯುವುದಕ್ಕೆ, ಹೆಚ್ಚುವುದಕ್ಕೆ ಸಂಬಂಧಿಸಿದ್ದು, ವೃದ್ಧಿಯ ತದ್ಭವವಾದ ನಮ್ಮ ಬಡ್ಡಿಯ ಹಾಗೆಯೇ. ಸ್ಲಾವೊನಿಕ್ ಕಾಲಂನಲ್ಲಿ ಮಾತ್ರ ಹೆರುವುದೂ ಇಲ್ಲ, ಬೆಳೆಯುವುದೂ ಇಲ್ಲ, ಅಲ್ಲಿರುವುದು ‘ಲಿಖ್ವಾ’. ಹಾಗಾದರೆ ಅದು ಗ್ರೀಕ್ ಪದದ ಅರ್ಥಾನುವಾದವಲ್ಲ. ಅನುವಾದಕರ ಕಿವಿಯಲ್ಲಿ ಆಗಲೇ ಬಳಕೆಯಲ್ಲಿದ್ದ ವ್ಯವಹಾರದ ಮಾತು ಎಂದು ನನಗೆ ಅನ್ನಿಸಿತು.

ಈ ಮಾತು ಎಲ್ಲಿಂದ ಬಂತೆಂಬುದಕ್ಕೆ ಎರಡು ದಾರಿಗಳಿವೆ. ಗೋಥಿಕ್‌ನಲ್ಲಿ ‘ಲೀಹ್ವನ್’ ಎಂದರೆ ಸಾಲ ಕೊಡು; ಲೂಕನ ಆರನೆಯ ಅಧ್ಯಾಯದಲ್ಲಿ ಅದು ಕಾಣಸಿಗುತ್ತದೆ. ಅದರಿಂದ ‘ಲೀಹ್ವ’ ಎಂಬ ನಾಮಪದವನ್ನು ಊಹಿಸಿಕೊಂಡರೆ ಸ್ಲಾವೊನಿಕ್ ರೂಪ ಅಕ್ಷರಕ್ಕಕ್ಷರ ಕೂಡುತ್ತದೆ. ಕೊಳ್ಳು, ಗಾಜು ಎಂಬರ್ಥದ ಸ್ಲಾವಿಕ್ ಪದಗಳೂ ರೊಟ್ಟಿಯ ಹೆಸರೂ ಜರ್ಮಾನಿಕ್ ಕಡೆಯಿಂದಲೇ ಬಂದವೆಂದು ಎಣಿಸುವುದರಿಂದ, ಸಂತೆಯ ಜೊತೆಗೆ ಸಾಲವೂ ಬಂದಿರುವುದು ಅಸಹಜವಲ್ಲ. ತೊಡಕೆಂದರೆ, ಉಳಿದಿರುವ ಗೋಥಿಕ್ ಪಠ್ಯಗಳಲ್ಲಿ ಆ ನಾಮಪದ ಎಲ್ಲಿಯೂ ಸಿಗುವುದಿಲ್ಲ. ಆದ್ದರಿಂದ ಅದರ ಮುಂದೆ, ಊಹಿಸಿದ ರೂಪವೆಂದು ತೋರಿಸುವ ನಕ್ಷತ್ರ ಚಿಹ್ನೆ ಇಡಬೇಕು. ಇನ್ನೊಂದು ದಾರಿಯ ಪ್ರಕಾರ ಅದು ‘ಲಿಖ್’ಗೆ ಪ್ರತ್ಯಯ ಸೇರಿ ಆದ ಸ್ವಂತ ಪದ: ಅಸಲಿನ ಮೇಲೆ ಮಿಕ್ಕದ್ದು.

ನಾನು ಹೆಚ್ಚು ದಿನ ಕಳೆದದ್ದು ಇಲ್ಲಿ. ಎರಡನ್ನೂ ಹಿಂದಕ್ಕೆ ಒಯ್ದಾಗ, ‘ಬಿಡು, ಉಳಿಸು’ ಎಂಬರ್ಥದ ಒಂದೇ ಇಂಡೊ-ಯುರೋಪಿಯನ್ ಧಾತುವಿಗೆ ಬಂದು ನಿಂತವು. ಸಾಲ ಕೊಡುವುದೆಂದರೆ ಇನ್ನೊಬ್ಬನ ಕೈಯಲ್ಲಿ ಬಿಡುವುದು, ಹೆಚ್ಚಾದದ್ದೆಂದರೆ ಬಿಟ್ಟುಳಿದದ್ದು. ಗ್ರೀಕ್‌ನ ‘ಲೆಯ್ಪೊ’, ಸಂಸ್ಕೃತದ ‘ರಿಚ್’ ಅದೇ ಮನೆತನದವು. ನಾವು ದಿನವೂ ಆಡುವ ರಿಕ್ತ, ಅತಿರೇಕ, ಅಷ್ಟೇಕೆ, ಸತ್ತವರು ಬಿಟ್ಟುಹೋದ ಸ್ವತ್ತಿಗೆ ಧರ್ಮಶಾಸ್ತ್ರ ಬಳಸುವ ‘ರಿಕ್ಥ’ ಕೂಡ ಆ ಧಾತುವಿನವೇ. ಎರಡು ದಾರಿಗಳಲ್ಲಿ ಯಾವುದು ನಿಜವೆಂದರೆ, ನಾನು ಗೋಥಿಕ್ ಕಡೆಗೆ ವಾಲುತ್ತೇನೆ. ಬಂದ ಮೇಲೆ ‘ಲಿಖ್’ನ ನೆರಳು ಅದರ ಮೇಲೆ ಬಿದ್ದಿರಬೇಕು.

ಇಷ್ಟಾದ ಮೇಲೂ ಒಂದು ಎಚ್ಚರಿಕೆ ಬೇಕಾಯಿತು. ಕೀವ್ ಕಾಲದ ಕಾನೂನುಸಂಗ್ರಹವಾದ ‘ರುಸ್ಕಾಯ ಪ್ರಾವ್ದಾ’ದಲ್ಲಿ ಹಣದ ಬಡ್ಡಿಗೆ ಇರುವ ಹೆಸರು ‘ರೆಜ್’. ಕತ್ತರಿಸುವುದು ಎಂಬರ್ಥದ ಈ ಪದವನ್ನು ಲೆಕ್ಕದ ಕೋಲಿನ ಮೇಲೆ ಕೊರೆದ ಗೀರಿಗೆ ಸಂಬಂಧಿಸುತ್ತಾರೆ. ಜೇನಿನ ಸಾಲಕ್ಕೆ ಒಂದು, ಧಾನ್ಯದ ಸಾಲಕ್ಕೆ ಮತ್ತೊಂದು ಹೆಸರೂ ಅಲ್ಲಿವೆ. 1113ರಲ್ಲಿ ಕೀವ್ ದಂಗೆಯೆದ್ದ ಮೇಲೆ ಅಧಿಕಾರಕ್ಕೆ ಬಂದ ವ್ಲಾದಿಮಿರ್ ಮೊನೊಮಾಖನ ಕಟ್ಟಳೆ, ಎರಡು ಸಲ ‘ರೆಜ್’ ತೆಗೆದುಕೊಂಡವನು ಅಸಲನ್ನೂ ಪಡೆಯಬಹುದು, ಮೂರು ಸಲ ತೆಗೆದುಕೊಂಡವನಿಗೆ ಅಸಲಿಲ್ಲ ಎನ್ನುತ್ತದೆ. ಕನ್ನಡದಲ್ಲಿ ಎರಡಕ್ಕೂ ‘ಬಡ್ಡಿ’ ಎಂದೇ ಬರೆದರೆ ಚರ್ಚಿನ ಪದಕ್ಕೂ ಕಟ್ಟಳೆಯ ಪದಕ್ಕೂ ಇರುವ ಅಂತರ ಅಳಿಸಿಹೋಗುತ್ತಿತ್ತು. ಆದ್ದರಿಂದ ಕೀರ್ತನೆಯಲ್ಲಿ ‘ಬಡ್ಡಿ’ಯನ್ನು ಉಳಿಸಿ, ಕಾನೂನಿನ ಭಾಗದಲ್ಲಿ ‘ರೆಜ್’ ಅನ್ನು ಹಾಗೆಯೇ ಇಟ್ಟು ಮೊದಲ ಬಳಕೆಯಲ್ಲೇ ಅರ್ಥ ಬಿಡಿಸಿದೆ. ಲಿಖ್ವಾದ ಚೀಟಿಯಲ್ಲಿ ಗೋಥಿಕ್ ರೂಪದ ಮುಂದಿನ ನಕ್ಷತ್ರ ಚಿಹ್ನೆಯನ್ನು ತೆಗೆದಿಲ್ಲ.